ಬಾವಿಕಟ್ಟೆಯಲ್ಲಿ ಆಡಿದ ಮಾತು

ವಂಕಿ ಎಂಬುದು ತೋಳಿಗೆ ಇಟ್ಟುಕೊಳ್ಳುವ ಒಡವೆ. ಮದುವಣಗಿತ್ತಿಯರ ತೋಳಿನಲ್ಲಿ ಅದನ್ನು ನಾವೆಲ್ಲರೂ ಕಂಡಿದ್ದೇವೆ. 1965ರಿಂದೀಚೆಗೆ ನಮ್ಮ ನಾಡಿನಲ್ಲಿ ಆ ಹೆಸರು ಇನ್ನೊಂದು ವಸ್ತುವಿಗೂ ಸಂದಿತು. ಅದು ಚಿನ್ನದ್ದಲ್ಲ, ಪ್ಲಾಸ್ಟಿಕ್ಕಿನದು. ಹಾವಿನಂತೆ ಎರಡು ಬಾರಿ ಬಳುಕಿ, ತುದಿಯಲ್ಲಿ ಒಂದು ನೂಲನ್ನು ಬಾಲದಂತೆ ಇಳಿಬಿಟ್ಟುಕೊಂಡಿದ್ದದ್ದು. ಯಾರ ಕಣ್ಣಿಗೂ ಕಾಣದಂತೆ ಗರ್ಭಕೋಶದೊಳಗೆ ಇಡುವಂಥದು. ಅಮೆರಿಕದ ಬಫಲೋ ನಗರದ ವೈದ್ಯ ಜ್ಯಾಕ್ ಲಿಪ್ಪೆಸ್ ಅವರು ಅದನ್ನು ರೂಪಿಸಿದ್ದರಿಂದ ಇಂಗ್ಲಿಷಿನಲ್ಲಿ ಲಿಪ್ಪೆಸ್ ಲೂಪ್ ಎಂದು ಹೆಸರಾಗಿತ್ತು. ಕನ್ನಡದಲ್ಲಿ ಅದು ವಂಕಿಯಾಯಿತು. ಒಡವೆಯ ಹೆಸರಿಟ್ಟರೆ ಹೆಂಗಸರ ಭಯ ಅರ್ಧ ಕಡಮೆಯಾದೀತೆಂದು ಯಾರಿಗಾದರೂ ತೋರಿದ್ದರೆ ಆಶ್ಚರ್ಯವಿಲ್ಲ.

1966ರಲ್ಲಿ ನನಗೆ 11 ವರ್ಷ. ಮಂಡ್ಯ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ ನಾವಿದ್ದೆವು. ಒಂದು ದಿನ ಶಾಲೆಯ ಎರಡು ಕೊಠಡಿಗಳನ್ನು ಬಿಡಿಸಿ, ಕಿಟಕಿಗಳಿಗೆ ಸೀರೆ ಕಟ್ಟಿ, ವಂಕಿಯ ಶಿಬಿರ ನಡೆಸಿದರು. ನಮಗೆ ರಜಾ ಸಿಕ್ಕಿತೆಂಬ ಸಂತೋಷವೊಂದೇ ನನಗಿದ್ದ ತಿಳಿವಳಿಕೆ. ನಮ್ಮ ಬೀದಿಯಿಂದ ಐವರು ಹೆಂಗಸರು ಹೋಗಿಬಂದರು. ಅವರಲ್ಲಿ ಒಬ್ಬಳು ನನ್ನ ಚಿಕ್ಕಮ್ಮ. ಮೂರು ತಿಂಗಳ ಮೇಲೆ ಅವಳು ನಮ್ಮ ಹಿತ್ತಲಿನ ಬಾವಿಕಟ್ಟೆಯ ಮೇಲೆ ಕುಳಿತು ನನ್ನ ತಾಯಿಗೆ ಹೇಳಿದ ಮಾತು, ಹಗ್ಗದ ಸದ್ದಿನ ನಡುವೆ, ಅರ್ಧಂಬರ್ಧ ನನ್ನ ಕಿವಿಗೂ ಬಿತ್ತು. "ಬ್ಯಾಡ ಕಣಕ್ಕ. ತಿಂಗಳಿಗೆ ಮೂರು ದಿನ ಹೊರಗಿರ್ತಿದ್ದೋಳು ಈಗ ಹತ್ತು ದಿನ ಇರ್ತೀನಿ. ಒಲೆ ಯಾರು ಹಚ್ತಾರೆ?"

ನನ್ನ ತಾಯಿಗೆ ಆಗ ನಾಲ್ಕು ಮಕ್ಕಳು. ಮುಂದಿನ ಶಿಬಿರಕ್ಕೆ ಹೋಗಬೇಕೆಂದು ಮನಸ್ಸು ಮಾಡಿದ್ದವಳು ಆ ಸಂಜೆಯೇ ಅದನ್ನು ಕೈಬಿಟ್ಟಳು. ಈ ಒಂದು ಸಂಜೆಯ ಮಾತುಕತೆಯ ಹಿಂದುಮುಂದನ್ನು ಇತಿಹಾಸದ ಬೆಳಕಿನಲ್ಲಿಟ್ಟು ನೋಡುವುದು ಇಂದಿನ ನನ್ನ ಭಾಷಣದ ಉದ್ದೇಶ. ಹೆಣ್ಣೊಬ್ಬಳು ಸಂತಾನ ನಿಯಂತ್ರಣದ ಯಾವ ಮಾರ್ಗವನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವಾಗ ಯಾರ ಮಾತನ್ನು ನಂಬುತ್ತಾಳೆ? ಸರಕಾರದ್ದನ್ನೇ? ವೈದ್ಯರದ್ದನ್ನೇ? ಅಥವಾ ತನ್ನಂತೆಯೇ ಮೈಯುಳ್ಳ ಇನ್ನೊಬ್ಬ ಹೆಣ್ಣಿನದ್ದನ್ನೇ?

ಈ ವಿಷಯದಲ್ಲಿ ಮೈಸೂರು ಸಂಸ್ಥಾನದ ಹೆಸರು ಬಹಳ ಹಿಂದೆಯೇ ಕೇಳಿಬಂದದ್ದುಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1930ರ ಜೂನ್ 11ರಂದು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ಸರಕಾರಿ ಆಸ್ಪತ್ರೆಗಳಲ್ಲಿ ತೆರೆಯುವ ಆಜ್ಞೆ ಹೊರಟಿತು. ಸರಕಾರವೇ ನಡೆಸಿದ ಇಂಥ ಚಿಕಿತ್ಸಾಲಯಗಳಲ್ಲಿ ಪ್ರಪಂಚಕ್ಕೇ ಇವು ಮೊದಲನೆಯವೆಂದು ಹೇಳುವುದು ವಾಡಿಕೆ. ಬೊಂಬಾಯಿಯಲ್ಲಿ ರಘುನಾಥ ಧೋಂಡೊ ಕರ್ವೆಯವರು 1921ರಲ್ಲೇ ಸ್ವಂತ ಧೈರ್ಯದಿಂದ ಈ ಕೆಲಸಕ್ಕೆ ಕೈಹಾಕಿ ಪಡಬಾರದ ಪಾಡುಪಟ್ಟರು. ಮೈಸೂರಿನಲ್ಲಿ ಅದಕ್ಕೆ ರಾಜಮುದ್ರೆಯೇ ಬಿತ್ತು. ಆದರೆ ಆಸ್ಪತ್ರೆಯ ಬಾಗಿಲು ತೆರೆದ ಮಾತ್ರಕ್ಕೆ ಹೆಂಗಸರು ಒಳಗೆ ಬರುವುದಿಲ್ಲ. ಹೋಗಿಬಂದವಳೊಬ್ಬಳು ಬೀದಿಯಲ್ಲಿ ಇರಬೇಕು. ಅವಳು ಬಾಯಿಬಿಟ್ಟು ಹೇಳಬೇಕು.

ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಮೈಸೂರೇ ಪ್ರಯೋಗಶಾಲೆಯಾಯಿತು. 1951-52ರಲ್ಲಿ ವಿಶ್ವಸಂಸ್ಥೆಯೂ ಭಾರತ ಸರಕಾರವೂ ಸೇರಿ ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಜನಸಂಖ್ಯೆಯ ಒಂದು ದೊಡ್ಡ ಸಮೀಕ್ಷೆ ನಡೆಸಿದವು. 1961ರಲ್ಲಿ ಪ್ರಕಟವಾದ ಅದರ ವರದಿ ಮೈಸೂರು ಜನಸಂಖ್ಯಾ ಅಧ್ಯಯನವೆಂದು ವಿದ್ವಾಂಸರಲ್ಲಿ ಪ್ರಸಿದ್ಧ. ಹಳ್ಳಿಯವರು ಮಕ್ಕಳನ್ನು ದೇವರ ಕೊಡುಗೆಯೆಂದು ಎಣಿಸಿ ಲೆಕ್ಕವಿಡುವುದಿಲ್ಲವೆಂಬ ನಂಬಿಕೆಯನ್ನು ಅದು ಅಲುಗಿಸಿತು. ಸಾಕು ಎನ್ನುವ ತಾಯಂದಿರು ಹಳ್ಳಿಗಳಲ್ಲೂ ಇದ್ದರು. ಅವರಿಗೆ ದಾರಿ ಗೊತ್ತಿರಲಿಲ್ಲ, ಅಷ್ಟೇ.

ಅದೇ ಸಮಯದಲ್ಲಿ, ಆರೋಗ್ಯ ಸಚಿವೆ ರಾಜಕುಮಾರಿ ಅಮೃತ ಕೌರ್ ಅವರ ಕಾಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಡಾಕ್ಟರ್ ಅಬ್ರಹಾಂ ಸ್ಟೋನ್ ಎಂಬವರು ದಿಲ್ಲಿಯ ಲೋಧಿ ಕಾಲೊನಿ ಮತ್ತು ನಮ್ಮ ರಾಮನಗರ, ಇವೆರಡು ಕಡೆ ಇನ್ನೊಂದು ಪ್ರಯೋಗಕ್ಕೆ ಕಾರಣರಾದರು. ಔಷಧವಿಲ್ಲ, ಉಪಕರಣವಿಲ್ಲ, ತಿಂಗಳಿನಲ್ಲಿ ಗರ್ಭ ನಿಲ್ಲುವ ದಿನಗಳನ್ನು ಎಣಿಸಿ ದೂರವಿರುವುದಷ್ಟೇ. ಎಣಿಕೆ ತಪ್ಪದಿರಲೆಂದು ಬಣ್ಣಬಣ್ಣದ ಮಣಿಗಳ ಸರವೊಂದನ್ನು ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಮಣಿ ಬಂದರೆ ಭಯವಿಲ್ಲ. ಕಲಿಯುತ್ತೇವೆಂದು ಮುಂದೆ ಬಂದವರು ಅನೇಕರು, ಕೊನೆಯವರೆಗೂ ನಡೆಸಿದವರು ಬೆರಳೆಣಿಕೆಯಷ್ಟು ಜನ. ಸರ ಕೊರಳಲ್ಲಿದ್ದರೆ ಸಾಕು, ಮಣಿಯ ಶಕ್ತಿಯಿಂದಲೇ ಗರ್ಭ ನಿಲ್ಲುವುದಿಲ್ಲವೆಂದು ತಿಳಿದವರೂ ಇದ್ದರಂತೆ. ಈ ಕಥೆಯನ್ನು ಹೇಳಿ ನಗುವವರನ್ನು ನಾನು ಬಹಳ ಕಂಡಿದ್ದೇನೆ. ನನಗೆ ನಗು ಬರುವುದಿಲ್ಲ. ಕೊರಳಲ್ಲಿ ಹಸಿರು ಮಣಿಯೋ ಬೇರೆ ಮಣಿಯೋ ಎಂಬುದನ್ನು ಅತ್ತೆ, ನಾದಿನಿ, ಮೈದುನರೆಲ್ಲ ಓದಬಹುದಾದ ಮನೆಯಲ್ಲಿ ಬಾಳಿದವಳಿಗೆ ಆ ಸರ ಎಂಥ ಸಂಕಟವೆಂದು ಸರ ಪೋಣಿಸಿದವರು ಯೋಚಿಸಿರಲಾರರು.

ವಂಕಿ ಬರುವ ಮುನ್ನ ದೂರದ ತೈವಾನ್ ದ್ವೀಪದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಏಕೆಂದರೆ ನಮ್ಮ ವಂಕಿಯ ಮೇಲೆ ಅಷ್ಟೊಂದು ಭರವಸೆ ಹುಟ್ಟಲು ಅದೂ ಒಂದು ಕಾರಣ. 1963ರಲ್ಲಿ ಅಲ್ಲಿನ ತೈಚುಂಗ್ ಎಂಬ ನಗರದಲ್ಲಿ, ರೊನಾಲ್ಡ್ ಫ್ರೀಡ್‌ಮನ್ ಮೊದಲಾದ ಸಮಾಜಶಾಸ್ತ್ರಜ್ಞರು ಪಾಲ್ಗೊಂಡ ಒಂದು ಪ್ರಯೋಗ ನಡೆಯಿತು. ಊರನ್ನು ಇಪ್ಪತ್ತು ಮೂವತ್ತು ಮನೆಗಳ ಸುಮಾರು 2400 ಕೇರಿಗಳಾಗಿ ಎಣಿಸಿಕೊಂಡರು. ಕೆಲವು ಕೇರಿಗಳಲ್ಲಿ ಮನೆಮನೆಗೂ ಹೋಗಿ ಹೇಳಿದರು. ಕೆಲವಕ್ಕೆ ಬರಿಯ ಕಾಗದ ಬರೆದರು. ಇನ್ನು ಕೆಲವಕ್ಕೆ ಏನೂ ಮಾಡಲಿಲ್ಲ. ಕಾಗದದಿಂದ ಹೆಚ್ಚೇನೂ ಆಗಲಿಲ್ಲ. ಆದರೆ ಯಾರೂ ಹೋಗದಿದ್ದ ಕೇರಿಗಳಿಂದಲೂ ಹೆಂಗಸರು ಬರತೊಡಗಿದರು. ನಗರದ ಹೊರಗಿನಿಂದಲೂ ಬಂದರು. ಬಂದವರಲ್ಲಿ ಬಹುಪಾಲು ಜನ ಕೇಳಿದ್ದು ಲೂಪನ್ನು. ನೆಂಟರಲ್ಲೋ ನೆರೆಯಲ್ಲೋ ಒಬ್ಬಳು ಹಾಕಿಸಿಕೊಂಡು ಸುಖವಾಗಿದ್ದಾಳೆಂದು ತಿಳಿದವಳು ತಾನೂ ಹೆಜ್ಜೆಯಿಡುತ್ತಿದ್ದಳು. ಒಂದು ಮನೆಗೆ ಹೇಳಿದ ಮಾತು ನಾಲ್ಕು ಮನೆಗಳಿಗೆ ತಾನಾಗಿ ನಡೆದುಹೋಗುತ್ತದೆಂಬುದನ್ನು ಪಂಡಿತರು ಲೆಕ್ಕಹಾಕಿ ಕಂಡುಕೊಂಡರು. ನಮ್ಮ ಅಜ್ಜಿಯರಿಗೆ ಇದನ್ನು ಹೇಳಿದ್ದರೆ ಇಷ್ಟಕ್ಕೆ ಲೆಕ್ಕವೇಕೆ ಎನ್ನುತ್ತಿದ್ದರು.

ಆದರೆ ಆ ಪಾಠದ ಒಂದು ಮಗ್ಗುಲನ್ನು ಎಲ್ಲರೂ ಓದಿದರು, ಇನ್ನೊಂದನ್ನು ಓದಲಿಲ್ಲ. ಸುಖದ ಮಾತು ಕೇರಿಯಿಂದ ಕೇರಿಗೆ ನಡೆಯುವುದಾದರೆ ನೋವಿನ ಮಾತೂ ಅದೇ ದಾರಿಯಲ್ಲೇ ನಡೆಯುತ್ತದೆ. ಅದರ ನಡಿಗೆ ಇನ್ನೂ ಬಿರುಸು.

1965ರಲ್ಲಿ ಭಾರತ ಸರಕಾರ ವಂಕಿಯನ್ನು ಅಂಗೀಕರಿಸಿತು. ಕಾನಪುರದಲ್ಲಿ ಅದನ್ನು ತಯಾರಿಸುವ ಕಾರ್ಖಾನೆಯೇ ಎದ್ದಿತು. 1966ರಲ್ಲಿ ಕೇಂದ್ರದ ಆರೋಗ್ಯ ಸಚಿವಾಲಯದಲ್ಲಿ ಕುಟುಂಬ ಯೋಜನೆಗೆ ಪ್ರತ್ಯೇಕ ಇಲಾಖೆ ಬಂತು. ಒಂದು ವಂಕಿಗೆ 11 ರೂಪಾಯಿ, ಗಂಡಸರ ಶಸ್ತ್ರಚಿಕಿತ್ಸೆಗೆ 30, ಹೆಂಗಸರದಕ್ಕೆ 40 ಎಂದು ಕೇಂದ್ರವು ರಾಜ್ಯಗಳಿಗೆ ಕೊಡುವ ಹಣದ ದರ ಗೊತ್ತಾಯಿತು. ಜಿಲ್ಲೆಗೆ ಇಷ್ಟು, ತಾಲ್ಲೂಕಿಗೆ ಇಷ್ಟು ಎಂದು ಗುರಿ ಹಂಚಿದರು. ಲೆಕ್ಕದ ಪುಸ್ತಕ ಎಣಿಸುತ್ತಿದ್ದುದು ಹಾಕಿದ ವಂಕಿಗಳನ್ನು. ಹಾಕಿಸಿಕೊಂಡವಳ ಮುಂದಿನ ತಿಂಗಳುಗಳಿಗೆ ಅದರಲ್ಲಿ ಅಂಕಣವಿರಲಿಲ್ಲ. 1966-67ರಲ್ಲಿ ದೇಶದಲ್ಲಿ ಸುಮಾರು 9 ಲಕ್ಷ ಹೆಂಗಸರು ವಂಕಿ ಹಾಕಿಸಿಕೊಂಡರು. ಎರಡೇ ವರ್ಷದಲ್ಲಿ ಆ ಸಂಖ್ಯೆ 5 ಲಕ್ಷಕ್ಕೂ ಕೆಳಗಿಳಿಯಿತು.

ಏಕೆ ಇಳಿಯಿತು? ಗಾಳಿಸುದ್ದಿಯಿಂದ ಎಂದು ಅಧಿಕಾರಿಗಳು ಹೇಳಿದರು. ಗಾಳಿಸುದ್ದಿ ಇದ್ದದ್ದು ನಿಜ. ವಂಕಿ ಮೇಲೇರಿ ಎದೆಗೆ ಹೋಗುತ್ತದೆ, ಗಂಡನಿಗೆ ಚುಚ್ಚುತ್ತದೆ, ಹುಣ್ಣಾಗಿ ಕ್ಯಾನ್ಸರಾಗುತ್ತದೆ — ನಮ್ಮೂರಿನಲ್ಲೂ ಇವೆಲ್ಲ ಕೇಳಿಬಂದಿದ್ದವು. ಎದೆಗೆ ಹೋಗುವುದೆಂಬುದು ಶುದ್ಧ ಸುಳ್ಳು. ಆದರೂ ಸಾವಿರದಲ್ಲಿ ಒಬ್ಬಳ ಮಟ್ಟಿಗೆ ಇಂಥ ಸಾಧನವು ಗರ್ಭಕೋಶದ ಗೋಡೆಯನ್ನು ತೂರಿ ಹೊಟ್ಟೆಯೊಳಕ್ಕೆ ಸರಿಯುವುದುಂಟೆಂದು ವೈದ್ಯಶಾಸ್ತ್ರವೇ ಒಪ್ಪುತ್ತದೆ. ಅಲ್ಲಿಗೆ ಹಳ್ಳಿಯ ಸುಳ್ಳಿಗೂ ಒಂದು ಎಳೆ ನಿಜದ ದಾರ ಇತ್ತೆಂದಾಯಿತು. ಅದು ಒತ್ತಟ್ಟಿಗಿರಲಿ. ಚಿಕ್ಕಮ್ಮ ಹೇಳಿದ್ದು ಎದೆಗೇರುವ ಕಥೆಯನ್ನಲ್ಲ. ರಕ್ತ ಹೆಚ್ಚು ಹೋಗುತ್ತದೆ ಎಂದಳು. ಅದು ಅಕ್ಷರಶಃ ಸತ್ಯ. ವಂಕಿ ಹಾಕಿಸಿಕೊಂಡವರಲ್ಲಿ ಅನೇಕರಿಗೆ ಮುಟ್ಟಿನ ಸ್ರಾವ ಹೆಚ್ಚುತ್ತದೆ, ನಡುವೆ ನಡುವೆ ಕಾಣಿಸಿಕೊಳ್ಳುತ್ತದೆ, ಕಿಬ್ಬೊಟ್ಟೆ ಹಿಂಡುತ್ತದೆ. ಕೆಲವರಲ್ಲಿ ವಂಕಿ ತಾನಾಗಿ ಜಾರಿಬೀಳುವುದೂ ಉಂಟು. ಪಾಶ್ಚಾತ್ಯ ದೇಶದ ಪುಷ್ಟ ದೇಹಕ್ಕೆ ಆ ನಷ್ಟ ತಡೆಯಬಹುದು. ರಾಗಿಮುದ್ದೆ, ಸೊಪ್ಪಿನ ಸಾರು ಉಂಡು, ವರ್ಷ ಬಿಟ್ಟು ವರ್ಷ ಹೆತ್ತು, ಮೊದಲೇ ರಕ್ತಹೀನಳಾದವಳಿಗೆ ಅದು ನಿಲ್ಲಲಾರದಷ್ಟು ಸುಸ್ತು.

ಇನ್ನೊಂದು ಸಂಗತಿ ಯಾವ ವೈದ್ಯಗ್ರಂಥದಲ್ಲೂ ಇರಲಿಲ್ಲ. ನಮ್ಮ ಮನೆಗಳಲ್ಲಿ ಮುಟ್ಟಾದವಳು ಮೂರು ದಿನ ಹೊರಗೆ. ಅಡಿಗೆಮನೆಗೆ ಬರುವಂತಿಲ್ಲ, ಬಾವಿಯ ಹಗ್ಗ ಮುಟ್ಟುವಂತಿಲ್ಲ, ದೇವರ ಗೂಡಿನ ಕಡೆ ಸುಳಿಯುವಂತಿಲ್ಲ. ಆ ಕಟ್ಟಳೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಮೂರು ದಿನ ಹತ್ತಾದರೆ ಆ ಮನೆಯ ಗತಿಯೇನು? ಒಂಟಿ ಸೊಸೆಯ ಮನೆಯಲ್ಲಿ ಗಂಡನೋ ಮುದಿ ಅತ್ತೆಯೋ ಒಲೆಯ ಮುಂದೆ ಕೂರಬೇಕು. ಮೂರನೆಯ ತಿಂಗಳಿಗೆ ಗೊಣಗಾಟ, ನಾಲ್ಕನೆಯ ತಿಂಗಳಿಗೆ ಜಗಳ. ವೈದ್ಯರ ದೃಷ್ಟಿಗೆ ಅದು ಸಾಮಾನ್ಯ ತೊಂದರೆ. ದಿನ ಕಳೆದಂತೆ ಸರಿಹೋಗುತ್ತದೆ. ಚಿಕ್ಕಮ್ಮನಿಗೆ ಅದು ಸಂಸಾರವೇ ಹಳಿ ತಪ್ಪುವ ವಿಷಯ.

ಅವಳು ಸುಮ್ಮನಿರಲಿಲ್ಲ. ಎರಡು ಬಾರಿ ನಾಲ್ಕು ಮೈಲಿ ನಡೆದು ಆಸ್ಪತ್ರೆಗೆ ಹೋಗಿ ಹೇಳಿಕೊಂಡಳು. ಮೊದಲ ಸಲ ಕಬ್ಬಿಣದ ಗುಳಿಗೆ ಕೊಟ್ಟು ಕಳಿಸಿದರು. ಎರಡನೆಯ ಸಲ, ಊರಿನ ಹೆಂಗಸರ ಮಾತು ಕಟ್ಟಿಕೊಂಡು ಬಂದಿದ್ದೀಯೆ ಎಂದು ಗದರಿದರು. ತನ್ನ ಮೈಯಿಂದ ಸೋರಿದ ರಕ್ತ ಊರಿನ ಹೆಂಗಸರ ಮಾತು ಹೇಗಾದೀತು? ಕೊನೆಗೆ ಸೂಲಗಿತ್ತಿಯೊಬ್ಬಳು ನೂಲು ಹಿಡಿದು ಎಳೆದು ತೆಗೆದಳು. ತೆಗೆದದ್ದು ಯಾವ ಪುಸ್ತಕಕ್ಕೂ ಹತ್ತಲಿಲ್ಲ. ಸರಕಾರದ ಲೆಕ್ಕದಲ್ಲಿ ಚಿಕ್ಕಮ್ಮ ಇನ್ನೂ ಬಹುಕಾಲ ವಂಕಿ ಧರಿಸಿಯೇ ಇದ್ದಿರಬೇಕು.

ಮನೆಯ ರೇಡಿಯೋದಲ್ಲಿ ಆಗ ದಿನವೂ ಚಿಕ್ಕ ಸಂಸಾರದ ಹಾಡು, ಸಂವಾದ, ವೈದ್ಯರ ಸಲಹೆ. ಒಂದು ಕೋಣೆಯಲ್ಲಿ ರೇಡಿಯೋ ಭಯವಿಲ್ಲ ಎನ್ನುತ್ತಿತ್ತು; ಹಿತ್ತಲಿನಲ್ಲಿ ಚಿಕ್ಕಮ್ಮ ಬೇಡ ಎನ್ನುತ್ತಿದ್ದಳು. ರೇಡಿಯೋದವರಿಗೆ ಮೈಯಿರಲಿಲ್ಲ. ಇಂದು ನಾನೂ ಅದೇ ರೇಡಿಯೋದಲ್ಲಿ ಮೈಯಿಲ್ಲದ ದನಿಯಾಗಿ ಮಾತಾಡುತ್ತಿದ್ದೇನೆಂಬುದು ನನಗೆ ಮರೆತಿಲ್ಲ.

ಇದು ಅನಕ್ಷರಸ್ಥ ಹಳ್ಳಿಯ ಹೆಂಗಸರ ಪಾಡು ಮಾತ್ರ ಎಂದು ಯಾರೂ ತಿಳಿಯಬಾರದು. ಗರ್ಭನಿರೋಧಕ ಗುಳಿಗೆಗೆ ಅಮೆರಿಕದಲ್ಲಿ 1960ರಲ್ಲಿ ಅನುಮತಿ ದೊರೆಯಿತು. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಮಂದಿ ಅದನ್ನು ನುಂಗತೊಡಗಿದರು. ತಲೆನೋವು, ಕಾಲಿನ ನರಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಮನಸ್ಸು ಮಂಕಾಗುವುದು — ಇಂಥ ಅನುಭವಗಳನ್ನು ಅವರು ವೈದ್ಯರಿಗೆ ಹೇಳಿದರೆ ಅದು ಮನಸ್ಸಿನ ಭ್ರಮೆ ಎಂಬ ಉತ್ತರ ಬರುತ್ತಿತ್ತು. ಬಾರ್ಬರಾ ಸೀಮನ್ ಎಂಬ ಪತ್ರಕರ್ತೆ ಮಹಿಳಾ ಪತ್ರಿಕೆಗಳಲ್ಲಿ ಬರೆಯುತ್ತಿದ್ದಳು. ಗುಳಿಗೆಯ ಅಪಾಯಗಳನ್ನು ಕುರಿತು ಅವಳು 1969ರಲ್ಲಿ ಒಂದು ಪುಸ್ತಕ ಬರೆದಳು. ಮರುವರ್ಷ ಜನವರಿಯಲ್ಲಿ ಸೆನೆಟರ್ ಗೇಲಾರ್ಡ್ ನೆಲ್ಸನ್ ಅವರ ಅಧ್ಯಕ್ಷತೆಯಲ್ಲಿ ವಾಷಿಂಗ್‌ಟನ್ನಿನಲ್ಲಿ ವಿಚಾರಣೆ ನಡೆಯಿತು. ಸಾಕ್ಷಿ ಹೇಳಲು ತಜ್ಞರು ಸಾಲಾಗಿ ಬಂದರು. ಗುಳಿಗೆ ನುಂಗಿದ ಒಬ್ಬ ಹೆಂಗಸನ್ನೂ ಕರೆದಿರಲಿಲ್ಲ. ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದ ತರುಣಿಯರು ಎದ್ದುನಿಂತು, ನಮ್ಮನ್ನು ಏಕೆ ಕೇಳುವುದಿಲ್ಲವೆಂದು ಕೂಗಿದರು. ಗುಳಿಗೆಯ ಪೊಟ್ಟಣದೊಳಗೆ ಅದರ ಅಪಾಯಗಳನ್ನು ತಿಳಿಸುವ ಚೀಟಿ ಇರಬೇಕೆಂಬ ನಿಯಮ ಬಂದದ್ದು ಅದರ ಬೆನ್ನಿಗೇ. ಓದುಬಲ್ಲ ಹೆಂಗಸರ ದೇಶದಲ್ಲೂ ಅನುಭವದ ಮಾತು ಸಾಕ್ಷಿಯೆನಿಸಿಕೊಳ್ಳಬೇಕಾದರೆ ಕೂಗಬೇಕಾಯಿತು. ನಮ್ಮ ಚಿಕ್ಕಮ್ಮ ಕೂಗಲಿಲ್ಲ, ಅಕ್ಕನಿಗೆ ಹೇಳಿದಳು. ಎರಡಕ್ಕೂ ಫಲ ಸಿಕ್ಕಿತು, ಆದರೆ ಒಂದೇ ಬಗೆಯದಲ್ಲ. ಅಲ್ಲಿ ಚೀಟಿ ಬಂತು. ಇಲ್ಲಿ ನನ್ನ ತಾಯಿ ಮತ್ತೆ ಎರಡು ಹೆತ್ತಳು.

ಆ ಆರನೆಯ ಹೆರಿಗೆ 1970ರಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಆಯಿತು. ವಂಕಿಯ ರಕ್ತಕ್ಕೆ ಹೆದರಿದವಳು ಆ ರಾತ್ರಿ ಅದರ ಹತ್ತುಪಟ್ಟು ರಕ್ತ ಕಳೆದುಕೊಂಡಳು. ಬದುಕಿ ಉಳಿದದ್ದು ನಮ್ಮ ಪುಣ್ಯ. ಪಕ್ಕದ ಮಂಚದಲ್ಲಿ ಮಳವಳ್ಳಿ ಕಡೆಯ ಹೆಂಗಸೊಬ್ಬಳು ತಂಗಿಯ ಬಾಣಂತನಕ್ಕೆ ಬಂದಿದ್ದಳು. ಅವಳು ಎರಡು ವರ್ಷದ ಹಿಂದೆ ತನಗೆ ಮಾಡಿದ ಆಪರೇಷನ್ನಿನ ಕಲೆಯನ್ನು ಸೀರೆ ಸರಿಸಿ ತೋರಿಸಿ, ಇಷ್ಟೇ ಇಷ್ಟು ಎಂದಳಂತೆ. ಅಮ್ಮ ನಾಲ್ಕನೆಯ ದಿನ ತಾನೇ ಕೇಳಿ ಮಾಡಿಸಿಕೊಂಡಳು. ಡಾಕ್ಟರರು ಮೂರು ಹೆರಿಗೆಯಿಂದಲೂ ಹೇಳುತ್ತಿದ್ದ ಮಾತೇ ಅದು. ಮಳವಳ್ಳಿಯವಳಿಗೆ ಬೇಕಾದದ್ದು ಅರ್ಧ ಗಳಿಗೆ.

ಗಂಡಸರ ವಿಷಯ ಬೇರೆ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 82 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅದರಲ್ಲಿ ಸುಮಾರು 62 ಲಕ್ಷ ಗಂಡಸರದು. ತುರ್ತುಪರಿಸ್ಥಿತಿಯ ಆ ವರ್ಷ ಹೇಗೆ ಹಿಡಿದರು, ಯಾರನ್ನು ಹಿಡಿದರು ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಮರುವರ್ಷ ಒಟ್ಟು ಸಂಖ್ಯೆಯೇ 10 ಲಕ್ಷಕ್ಕಿಂತ ಕೆಳಗಿಳಿಯಿತು. ಕುಟುಂಬ ಯೋಜನೆಯ ಹೆಸರನ್ನೇ ಕುಟುಂಬ ಕಲ್ಯಾಣವೆಂದು ಬದಲಿಸಬೇಕಾಯಿತು. ಹಿಡಿದೊಯ್ದ ಗಂಡಸರ ಕಥೆ ಉಳಿಯಿತು. ತಾನಾಗಿ ಹೋಗಿ ಮಾಡಿಸಿಕೊಂಡು, ಮಾರನೆಯ ವಾರ ನೇಗಿಲು ಹಿಡಿದವನ ಕಥೆ ಉಳಿಯಲಿಲ್ಲ. ಅಂಥವನು ಹೊಟೆಲಿನ ಬೆಂಚಿನ ಮೇಲೆ ಕುಳಿತು ಅದನ್ನು ಹೇಳಿಕೊಳ್ಳುವುದುಂಟೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಹೆಂಗಸಿನ ಆಪರೇಷನ್ ಆದವರು ನೂರಕ್ಕೆ 37.9, ಗಂಡಸಿನದು ನೂರಕ್ಕೆ 0.3. ಕರ್ನಾಟಕದಲ್ಲಿ ಹೆಂಗಸಿನದು 57.4; ಗಂಡಸಿನದು ಲೆಕ್ಕಕ್ಕೇ ಸಿಕ್ಕದಷ್ಟು. ಅಕ್ಕ ಮಾಡಿಸಿಕೊಂಡಳೆಂದು ತಂಗಿ, ತಾಯಿ ಮಾಡಿಸಿಕೊಂಡಳೆಂದು ಮಗಳು, ಹೀಗೆ ಆಪರೇಷನ್ ನಮ್ಮಲ್ಲಿ ಹೆಣ್ಣಿನ ಬಾಳಿನ ಒಂದು ಶಾಸ್ತ್ರದಂತೆಯೇ ಆಗಿಹೋಗಿದೆ. ವಂಕಿಯ ರೂಪ ಬದಲಾಯಿತು, ತಾಮ್ರದ ತಂತಿ ಸುತ್ತಿದ ಹೊಸ ಸಾಧನಗಳು ಬಂದವು, ತೊಂದರೆಯೂ ಎಷ್ಟೋ ತಗ್ಗಿತು. ಆದರೂ ಅದೇ ಸಮೀಕ್ಷೆಯಲ್ಲಿ ಅದನ್ನು ಬಳಸುವವರು ದೇಶದಲ್ಲಿ ನೂರಕ್ಕೆ ಇಬ್ಬರು ಮಾತ್ರ. ಅರುವತ್ತರ ದಶಕದ ಬಾವಿಕಟ್ಟೆಯ ಮಾತು ಅಷ್ಟು ದೂರ ನಡೆದಿದೆಯೆಂದು ನನ್ನ ಊಹೆ. ಬೇರೆ ಕಾರಣಗಳೂ ಇವೆ, ಅಲ್ಲಗಳೆಯುವುದಿಲ್ಲ.

ನಮ್ಮ ಬೀದಿಯ ಐವರಲ್ಲಿ ಚಿಕ್ಕಮ್ಮನೊಬ್ಬಳ ಕಥೆ ಹೇಳಿದೆ. ಇನ್ನೊಬ್ಬಳಿಗೆ ವಂಕಿ ಜಾರಿಬಿದ್ದಿತ್ತು. ಅದೂ ಎಲ್ಲರಿಗೂ ಗೊತ್ತಾಗಿತ್ತು. ಉಳಿದ ಮೂವರ ವಿಷಯ ಯಾರೂ ಎತ್ತಿದ್ದಿಲ್ಲ. ಕೆಲವು ವರ್ಷಗಳ ಹಿಂದೆ ಊರಿಗೆ ಹೋಗಿದ್ದಾಗ ಆ ಮೂವರಲ್ಲಿ ಒಬ್ಬರಾದ ಎದುರುಮನೆಯ ಅತ್ತೆಯನ್ನು ಕೇಳಿದೆ. ಅಮ್ಮನೂ ಪಕ್ಕದಲ್ಲಿ ಹೂ ಕಟ್ಟುತ್ತ ಕುಳಿತಿದ್ದಳು. ಅತ್ತೆ ಐದು ವರ್ಷ ವಂಕಿ ಇಟ್ಟುಕೊಂಡಿದ್ದರಂತೆ. ಒಂದು ದಿನವೂ ತೊಂದರೆಯಿಲ್ಲ. ಮೂರನೆಯ ಮಗುವಿನ ಮೇಲೆ ಬಸುರೇ ನಿಲ್ಲಲಿಲ್ಲವೆಂದು ಅವರ ಅತ್ತೆ ಎರಡು ದೇವರಿಗೆ ಹರಕೆ ಹೊತ್ತು ಕರೆದುಕೊಂಡು ಹೋಗಿದ್ದರಂತೆ. ಇವರು ಬಾಯಿ ಮುಚ್ಚಿಕೊಂಡು ಹೋಗಿ ಕೈಮುಗಿದು ಬಂದಿದ್ದರಂತೆ.

"ನಮ್ಮಮ್ಮನಿಗಾದರೂ ಒಂದು ಮಾತು ಹೇಳಬಹುದಿತ್ತಲ್ಲತ್ತೆ" ಎಂದೆ.

ಅವರು ಬೊಚ್ಚುಬಾಯಿ ತೆರೆದು ನಕ್ಕರು. "ನಿಮ್ಮಮ್ಮನಿಗೆ ಹೇಳಿದ್ರೆ ಹೊತ್ತು ಮುಳುಗೋದ್ರೊಳಗೆ ನಮ್ಮತ್ತೆ ಕಿವೀಗೆ ಬೀಳ್ತಿತ್ತು ಕಣವ್ವ."

ಅಮ್ಮ ಹೂವಿನಿಂದ ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹೌದು, ಹೇಳ್ಬುಡ್ತಿದ್ದೆ" ಎಂದಳು.